ಎಡಗಾಲಿಂದು ಭಾನುವಾರ

ಸ್ವಲ್ಪ ಹತ್ರ ಬನ್ನಿ... ನಂಗೆ ಜೋರಾಗಿ ಹೇಳೋಕೆ ಬರಲ್ಲ. ನೀವೆಲ್ಲಾ ಒಂದೊಂದು ದೆವ್ವದ ಕತೆ ಹೇಳಿದ್ರಿ, ನಾನು ಸುಮ್ನೆ ಕೇಳ್ಕೊಂಡು ಕೂತಿದ್ದೆ. ಪುಸ್ತಕದಲ್ಲಿ ಓದಿರೋವು ಬೇಕಾದಷ್ಟಿವೆ, ಅವು ಬೇಡ. ಇದು ನಮ್ಮ ದೊಡ್ಡಪ್ಪನ ಮಗ ಭೈರೇಶಣ್ಣಂಗೆ ಆಗಿದ್ದು. ಹೋದ ವರ್ಷ, ಮಾಗಿ ಚಳೀಲಿ.

ಆ ಟಾರ್ಚ್ ಆಫ್ ಮಾಡಿ, ಕಣ್ಣಿಗೆ ಹೊಡೀತಿದೆ.

ಅವತ್ತು ಅಣ್ಣ ಕಡೂರಿಂದ ಕೊನೇ ಬಸ್ಸಲ್ಲಿ ಬಂದ. ಹಿರೇನಲ್ಲೂರು ದಾಟಿದ್ಮೇಲೆ ನಮ್ಮೂರ ಕ್ರಾಸು. ಅಲ್ಲಿ ಇಳಿದು ನಡೀಬೇಕು. ಮನೇಲಿರೋ ಒಂದು ಟಿವಿಎಸ್‌ನ ದೊಡ್ಡಪ್ಪ ರಾತ್ರಿ ತೋಟಕ್ಕೆ ತಗೊಂಡೋಗ್ತಾರೆ. ತ್ರೀ ಫೇಸ್ ಕರೆಂಟ್ ರಾತ್ರಿನೇ ಕೊಡೋದಲ್ವಾ, ತೆಂಗಿಗೆ ನೀರು ಬಿಡಬೇಕು. ಹಂಗಾಗಿ ಅಣ್ಣಂದು ದಿನಾ ನಡಿಗೆ.

ಕ್ರಾಸಿಂದ ಒಳಗೆ ಬಂದ್ರೆ ಮೊದ್ಲು ಆಲದಮರ. ಆಮೇಲೆ ಹಾಳು ಬಾವಿ, ಈಗ ಅದರಲ್ಲಿ ನೀರಿಲ್ಲ, ಕಸ ಹಾಕ್ತಾರೆ. ಆಮೇಲೆ ಹಾಲಿನ ಡೈರಿ. ಡೈರಿ ಎದುರಿಗೆ ನಮ್ಮ ಬೀದಿ.

ಆಲದಮರದ ಕೆಳಗೆ ಬಂದಿದಾನೆ. ಹಿಂದೆ ಸದ್ದಾಯ್ತು.

ಟಪ್...

ಹವಾಯಿ ಚಪ್ಪಲಿ ಹಿಮ್ಮಡಿಗೆ ಹೊಡೆಯೋ ಸದ್ದು. ಯಾರೋ ಬರ್ತಿದಾರೆ ಅನ್ಕೊಂಡ. ಇನ್ನೊಂದು ಕಾಲಿಗೂ ಟಪ್ ಅನ್ನಬೇಕಲ್ವಾ? ಅನ್ನಲಿಲ್ಲ. ಅದರ ಬದ್ಲು...

ಚರ್ರ್...

ಪ್ಲಾಸ್ಟಿಕ್ ಕವರ್ ನೆಲಕ್ಕೆ ಉಜ್ಜಿದಂಗೆ.

ಟಪ್... ಚರ್ರ್... ಟಪ್... ಚರ್ರ್...

ಅಣ್ಣ ನಿಂತ. ಅದೂ ನಿಂತ್ಕೊಂತು.

ಬೇರೆ ಯಾರಾದ್ರೂ ಆಗಿದ್ರೆ ಯಾವನೋ ಕುಡ್ದಿರೋನು ಅಂತ ಬೈಕೊಂಡು ಹೋಗ್ತಿದ್ರು. ಅಣ್ಣಂಗೆ ಹಂಗೆ ಅನ್ಕೊಳ್ಳೋಕೂ ಆಗ್ಲಿಲ್ಲ. ಯಾಕಂದ್ರೆ ಆ ನಡಿಗೆ ಯಾರದ್ದು ಅಂತ ಅವನಿಗೆ ಗೊತ್ತಿತ್ತು. ಆ ಹೆಂಗಸು ಸತ್ತಿರೋದೂ ಗೊತ್ತಿತ್ತು. ಅವತ್ತು ಬೆಳಿಗ್ಗೆನೇ ಬಸ್ಸಿನ ಕಿಟಕೀಲಿ ಹೆಣ ನೋಡಿದ್ದ.

ಹಿಂದೆ ತಿರುಗ್ಲಿಲ್ಲ. ಓಡ್ದ. ಮನೆ ಬಾಗಿಲಿಗೆ ಬರೋ ತನಕ ಓಡ್ದ...

ಇರಿ, ಮೊದ್ಲಿಂದ ಹೇಳ್ತೀನಿ. ಇಲ್ಲಾಂದ್ರೆ ಅರ್ಥ ಆಗಲ್ಲ.

ಅಣ್ಣ ಕಡೂರಲ್ಲಿ ಒಂದು ಚಪ್ಪಲಿ ಅಂಗಡೀಲಿ ಕೆಲಸಕ್ಕಿದ್ದ. ಓನರ್ ಹೆಸರು ರುದ್ರಮೂರ್ತಿ. ಕೆಟ್ಟೋರೇನಲ್ಲ. ಅವರೂ ಅವರ ಸ್ನೇಹಿತ್ರೂ ಸೇರಿ ಒಂದು ಬಳಗ ಮಾಡ್ಕೊಂಡಿದ್ರು. ಮನೆಮಠ ಇಲ್ದೆ ಬಸ್ ಸ್ಟ್ಯಾಂಡಲ್ಲಿ, ಸ್ಟೇಷನ್ ರೋಡಲ್ಲಿ, ಅಂಗಡಿ ಜಗುಲಿ ಮೇಲೆ ಮಲಗ್ತಾರಲ್ಲ, ಅವರಿಗೆ ಚಳಿಗಾಲಕ್ಕೆ ಸ್ವೆಟರ್ರು, ಹೊದಿಕೆ, ಚಪ್ಪಲಿ ಕೊಡೋದು. ಸ್ವೆಟರ್ರೆಲ್ಲ ಮನೆಮನೆಗೆ ಹೋಗಿ ಎತ್ತಿದ್ದು, ಹಳೇವು. ಚಪ್ಪಲಿ ಮಾತ್ರ ಹೊಸವು, ರುದ್ರಮೂರ್ತಿ ಅಂಗಡಿವೇ. ರಾತ್ರಿ ಹೊತ್ತೇ ಹೋಗಿ ಕೊಡೋರು. ಹಗಲು ಹೋದ್ರೆ ಎಲ್ರೂ ಕೈ ಚಾಚ್ತಾರೆ, ರಾತ್ರಿ ಹೋದ್ರೆ ಯಾರಿಗೆ ನಿಜವಾಗ್ಲೂ ಸೂರಿಲ್ಲ ಅಂತ ಗೊತ್ತಾಗತ್ತೆ.

ಅದರ ಹಿಂದಿನ ವರ್ಷ ಏನಾಗಿತ್ತಂದ್ರೆ, ಚಪ್ಪಲಿ ಈಸ್ಕೊಂಡೋರಲ್ಲಿ ಯಾರೋ ಒಬ್ಬ ಮಾರನೇ ದಿನವೇ ಅದನ್ನ ಮಾರಿ ಕುಡಿದಿದ್ನಂತೆ. ಆಮೇಲೆ ಗೆಸ್ಟ್ ಕರೆಸಿ ಒಂದು ಕಾರ್ಯಕ್ರಮ ಮಾಡಿದ್ರೆ ಸ್ಟೇಜ್ ಮುಂದೆ ಖಾಲಿ ಕುರ್ಚಿಗಳಂತೆ. ರುದ್ರಮೂರ್ತಿಗೆ ಸಿಟ್ಟು.

ಈ ಸಲ ಅವರೊಂದು ಐಡಿಯಾ ಮಾಡಿದ್ರು. ಚಪ್ಪಲಿ ಅಂಗಡಿ ಹೊರಗಡೆ ನೇತಾಕಿರ್ತಾರಲ್ಲ, ಯಾವತ್ತಾದ್ರೂ ಗಮನಿಸಿದೀರಾ? ಜೋಡಿ ನೇತಾಕಲ್ಲ. ಒಂದೇ ಕಾಲಿಂದು. ಕದ್ಕೊಂಡು ಹೋದ್ರೂ ಉಪಯೋಗಕ್ಕೆ ಬರಬಾರ್ದು ಅಂತ. ಅದೇ ಐಡಿಯಾ.

"ಬಲಗಾಲಿಂದು ಇವತ್ತು ಕೊಡದು. ಎಡಗಾಲಿಂದು ಭಾನುವಾರ, ಸ್ಟೇಜ್ ಮೇಲೆ, ಗೆಸ್ಟ್ ಕೈಲಿ. ಒಂಟಿ ಚಪ್ಪಲಿ ಯಾವನ್ಲಾ ಕೊಂಡ್ಕತ್ತಾನೆ? ಎಲ್ರೂ ತಪ್ಪದಂಗೆ ಬತ್ತಾರೆ ನೋಡ್ತಿರಿ," ಅಂದ್ರಂತೆ.

ಎಲ್ರೂ ನಕ್ರು. "ಸೂಪರ್ ತಲೆ ಕಣಣ್ಣಾ ನಿಮ್ದು," ಅಂತ ನಮ್ಮಣ್ಣನೂ ನಕ್ಕ.

ರಾತ್ರಿ ಹೊರಟ್ರು. ಕಾಲು ನೋಡಿ, ಸೈಜ್ ನೋಡಿ, ಬಲಗಾಲಿಂದು ಕೊಡೋದು. ಅದರ ಜೋಡಿನ ಮೂಟೆಗೆ ಹಾಕೋದು. ಮೂಟೆ ಹೊತ್ತಿದ್ದೋನು ನಮ್ಮಣ್ಣ.

ಸ್ಟೇಷನ್ ರೋಡಲ್ಲಿ ಒಂದು ಮುಚ್ಚಿದ ಅಂಗಡಿ ಜಗುಲಿ ಮೇಲೆ ಒಬ್ಳು ಮುದುಕಿ. ತಿಮ್ಮಕ್ಕ ಅಂತ. ಯಾವೂರು ಅಂತ ಕೇಳಿದ್ರೆ ಒಂದ್ಸಲ ಅಜ್ಜಂಪುರ ಅಂತಾಳೆ, ಒಂದ್ಸಲ ತರೀಕೆರೆ ಅಂತಾಳೆ. ತುಂಬಾ ಸಣ್ಣ ಮೈ. ಎಡಗಾಲಿನ ಹಿಮ್ಮಡಿ ಒಡೆದು ಹುಣ್ಣಾಗಿತ್ತು. ಅದಕ್ಕೆ ಹಾಲಿನ ಪ್ಯಾಕೆಟ್ ಕವರ್‌ಗಳನ್ನ ಸುತ್ತಿ, ದಾರ ಕಟ್ಕೊಂಡಿದ್ಳು.

ಅವಳ ಮೈಗೆ ದೊಡ್ಡೋರ ಸ್ವೆಟರ್ ಯಾವುದೂ ಆಗ್ಲಿಲ್ಲ. ಕೊನೆಗೆ ಯಾವುದೋ ಕಾನ್ವೆಂಟ್ ಮಗೂದು ಮರೂನ್ ಕಲರ್ ಸ್ವೆಟರ್ ಕೊಟ್ರು. ಹಾಕ್ಕೊಂಡು ನೋಡ್ಕೊಂಡ್ಳು.

"ನಾಳೆಯಿಂದ ಇಸ್ಕೂಲ್ಗೆ ಹೋಯ್ತೀನಿ ಬುಡು," ಅಂದ್ಳು.

ಚಪ್ಪಲಿನೂ ಮಕ್ಕಳ ಸೈಜೇ ಆಯ್ತು. ಹಸಿರು ಪಟ್ಟಿದು. ಇಡೀ ಮೂಟೇಲಿ ಅಷ್ಟು ಚಿಕ್ಕದು ಅದೊಂದೇ. ಬಲಗಾಲಿಗೆ ಹಾಕ್ಕೊಂಡ್ಳು. ಇನ್ನೊಂದಕ್ಕೆ ಕಾದ್ಳು.

"ಇನ್ನೊಂದೆಲ್ಲಪ್ಪಾ?"

"ಭಾನುವಾರ ಕೊಡ್ತೀವಿ ಕಣಜ್ಜಿ."

"ಅಲ್ಲೀಗಂಟ ಏನು, ಕುಂಟಬಿಲ್ಲೆ ಆಡ್ಲಾ?"

ಎಲ್ರೂ ನಕ್ಕು ಮುಂದಕ್ಕೆ ಹೋದ್ರು. ಅಣ್ಣ ಮೂಟೆ ಎತ್ತೋಕೆ ಬಗ್ಗಿದ. ಅವಳು ಅವನ ಕೈ ಹಿಡ್ಕೊಂಡ್ಳು. ಸಣ್ಣಗೆ ಅಂದ್ಳು...

"ಮಗಾ... ಬಲಗಾಲು ಗಟ್ಟಿ ಐತೆ. ಇದನ್ನ ನೀನೇ ಮಡಿಕ್ಕೊ. ಎಡಗಾಲಿಂದು ಕೊಡು. ನೆಲ ಮುಟ್ಟುದ್ರೆ ಜೀವ ಹೋದಂಗಾಯ್ತದೆ."

ಅದು ಅವನ ಕೈಗೆ ಸಿಗೋ ಹಂಗೇ ಇತ್ತು. ಮೂಟೇಲಿ ಎಲ್ಲಕ್ಕಿಂತ ಮೇಲೆ ಇತ್ತು. ಆಗಷ್ಟೇ ಹಾಕಿದ್ದಲ್ವಾ?

ಅಷ್ಟರಲ್ಲಿ ರುದ್ರಮೂರ್ತಿ ಕೂಗಿದ್ರು. "ಲೇ ಭೈರಾ, ಏನ್ಲಾ ಅಲ್ಲಿ?"

"ಭಾನುವಾರ ಅಜ್ಜಿ," ಅಂದ್ಬಿಟ್ಟು ಬಂದ್ಬಿಟ್ಟ.

ಮೂಟೆನ ಅಂಗಡೀಲಿಟ್ರೆ ದಿನಾ ಬಂದು ಕೇಳ್ತಾರೆ ಅಂತ ಅಣ್ಣನ ಮನೇಲಿ ಇಡೋಕೆ ಹೇಳಿದ್ರು. ತಂದು ಅಟ್ಟದ ಮೇಲೆ ಹಾಕ್ದ.

ಭಾನುವಾರ ಬಂತು. ಗೆಸ್ಟ್ ಬರಲಿಲ್ಲ. ಫೋನ್ ಮಾಡಿ ಮುಂದಿನ ಭಾನುವಾರ ಬತ್ತೀನಿ ಅಂದ್ರಂತೆ. ಕಟ್ಟಿದ್ದ ಶಾಮಿಯಾನ ಬಿಚ್ಚಿದ್ರು.

ಆ ವಾರ ಎಂಥಾ ಚಳಿ ಅಂತ ನಿಮಗೂ ನೆನಪಿರಬಹುದು. ಬೆಳಿಗ್ಗೆ ಮಾತಾಡಿದ್ರೆ ಬಾಯಲ್ಲಿ ಹೊಗೆ. ನಲ್ಲಿ ನೀರು ಮುಟ್ಟಿದ್ರೆ ಬೆರಳು ಸೆಟ್ಕೊಳ್ಳೋದು. ನಾವು ಸಾಕ್ಸ್ ಹಾಕ್ಕೊಂಡು ಮಲಗ್ತಿದ್ವಿ...

ಒಂದಿನ ಅಣ್ಣ ಅಂಗಡೀಲಿ ಕೂತಿದಾನೆ. ಫುಟ್‌ಪಾತ್ ಮೇಲೆ ಸದ್ದು. ಟಪ್... ಚರ್ರ್... ನೋಡೋಕೆ ಮುಂಚೆನೇ ಅವಳೇ ಅಂತ ಗೊತ್ತಾಯ್ತಂತೆ.

"ಬಂದೆ ಕಣಪ್ಪಾ."

"ಮೂಟೆ ಊರಲ್ಲೈತೆ ಅಜ್ಜಿ. ನಾಳೆ ತತ್ತೀನಿ."

ಮರೆತ. ಮಾರನೇ ದಿನ ಮತ್ತೆ ಬಂದ್ಳು. ಮತ್ತೆ ಮರೆತಿದ್ದ. ಮನೇಲಿ ಅವನ ತಂಗಿ, ನಯನಕ್ಕ, ಬಾಣಂತನಕ್ಕೆ ಬಂದಿದ್ಳು. ಆ ವಾರವೇ ಮಗೂನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದ್ರು. ಬೆಳಿಗ್ಗೆ ಎದ್ರೆ ನೀರು ಕಾಯ್ಸು, ಸೌದೆ ತಾ, ಔಷಧಿ ತಾ... ಅದರಲ್ಲಿ ಚಪ್ಪಲಿ ಯಾರಿಗೆ ನೆನಪಿರ್ತದೆ?

ಅವತ್ತು ತಿಮ್ಮಕ್ಕ ಜಗಳ ಆಡ್ಲಿಲ್ಲ. ಅಂಗಡಿ ಮೆಟ್ಲ ಮೇಲೆ ಕೂತ್ಕೊಂಡ್ಳು.

"ನಿಮ್ಮೂರು ಯಾವ್ದು ಮಗಾ?"

"ಯಾಕಜ್ಜಿ, ಹೆಣ್ಣು ಕೊಡ್ತೀಯಾ?"

"ನಾನೇ ಬಂದು ಈಸ್ಕತ್ತೀನಿ. ನಿಂಗೆ ಮರೆವು."

ಅಣ್ಣಂಗೆ ತಮಾಷೆ. "ಬಾ ಹಂಗಾರೆ. ಹಿರೇನಲ್ಲೂರು ದಾಟಿ ಕ್ರಾಸು. ಒಳಗೆ ಬಂದ್ರೆ ಆಲದಮರ, ಬಾವಿ, ಡೈರಿ. ನಮ್ಮಪ್ಪ ಈರಣ್ಣನ ಮನೆ ಅಂತ ಕೇಳು, ಯಾರಾದ್ರೂ ತೋರುಸ್ತಾರೆ."

ಅವಳು ಎದ್ದು ಹೊರಟ್ಳು. ಹೋಗ್ತಾ ಮಗ್ಗಿ ಹೇಳ್ಕೊಂಡಂಗೆ ಬಾಯಲ್ಲಿ ಹೇಳ್ಕೊಂಡು ಹೋದ್ಳಂತೆ. "ಆಲದಮರ... ಬಾವಿ... ಡೈರಿ... ಈರಣ್ಣನ ಮನೆ... ಆಲದಮರ... ಬಾವಿ..."

ಬಸ್ಸಿಗೆ ಕಾಸಿರಲಿಲ್ವೋ ಏನೋ. ನಡ್ಕೊಂಡೇ ಹೊರಟಿದಾಳೆ. ಆ ಕಾಲಲ್ಲಿ. ಆ ಚಳೀಲಿ.

ಮಾರನೇ ದಿನ ಬೆಳಿಗ್ಗೆ ಅಣ್ಣ ಬಸ್ಸಲ್ಲಿ ಹೋಗ್ತಿದ್ದ. ದಾರೀಲಿ ಒಂದು ಬಸ್ ತಂಗುದಾಣದ ಮುಂದೆ ಜನ. ಬಸ್ಸು ನಿಧಾನ ಆಯ್ತು. ಒಳಗೆ ಕಲ್ಲು ಬೆಂಚಿನ ಮೇಲೆ, ಬಸ್ಸಿಗೆ ಕಾಯೋರು ಕೂತಿರ್ತಾರಲ್ಲ ಹಂಗೇ ಕೂತಿದ್ಳು. ಮರೂನ್ ಸ್ವೆಟರ್. ಬಲಗಾಲಲ್ಲಿ ಹಸಿರು ಚಪ್ಪಲಿ. ಎಡಗಾಲಲ್ಲಿ ಹಾಲಿನ ಕವರ್.

"ಯಾರೋ ತಿರ್ಕೊಂಡು ತಿನ್ನೋಳು. ರಾತ್ರಿ ಚಳಿಗೆ ಹೋಗ್ಬಿಟ್ಟೈತೆ," ಅಂತ ಹಿಂದಿನ ಸೀಟಲ್ಲಿ ಯಾರೋ ಅಂದ್ರು.

ಅಣ್ಣ ಇಳೀಲಿಲ್ಲ. ಗೊತ್ತಿರೋಳು ಅಂತಾನೂ ಹೇಳ್ಲಿಲ್ಲ. ವಾರಸುದಾರರು ಯಾರೂ ಇಲ್ಲ ಅಂತ ಅವತ್ತೇ ಸಾಯಂಕಾಲ ಅಲ್ಲೇ ಗೋಮಾಳದಲ್ಲಿ, ಜಾಲಿ ಗಿಡಗಳ ಮಧ್ಯೆ ಹೂತ್ರಂತೆ, ವಾಪಸ್ ಬರೋವಾಗ ಬಸ್ಸಲ್ಲಿ ಮಾತಾಡ್ಕೊಳ್ತಿದ್ರು.

ಅವತ್ತು ರಾತ್ರಿನೇ ಆಲದಮರದ ಹತ್ರ ಆ ಸದ್ದು ಕೇಳಿದ್ದು.

ಮನೆಗೆ ಓಡಿ ಬಂದೋನು ಸೀದಾ ಅಟ್ಟ ಹತ್ತಿ ಮೂಟೆ ಸುರುವಿದ. ಹಸಿರು ಪಟ್ಟಿದು, ಚಿಕ್ಕದು, ಎಡಗಾಲಿಂದು. ಅದನ್ನ ತಗೊಂಡೋಗಿ ಅವಳನ್ನ ಹೂತಿರೋ ಜಾಗದಲ್ಲಿ ಇಟ್ಟು ಕೈ ಮುಗಿದು ಬರೋಣ ಅಂತ.

ಎಲ್ಲಾ ಇತ್ತು. ಅದೊಂದೇ ಇರಲಿಲ್ಲ.

ದಾರೀಲಿ ಬಿದ್ದೋಗಿರ್ಬೇಕು ಅನ್ಕೊಂಡ. ಮಾರನೇ ದಿನ ಅಂಗಡೀಲಿ ಅದೇ ಥರದ್ದು ಹೊಸ ಜೋಡಿ ತಗೊಂಡು, ಬರೋವಾಗ ಮಧ್ಯದಲ್ಲೇ ಇಳಿದು, ಮಣ್ಣಿನ ಗುಡ್ಡೆ ಮೇಲೆ ಇಟ್ಟು ಬಂದ. ಆಮೇಲೆ ಯಾವುದೋ ಗಾಡಿಗೆ ಕೈ ಅಡ್ಡ ಹಾಕಿ ಕ್ರಾಸಿಗೆ ಬಂದ. ಆಲದಮರ ದಾಟಿದ. ಏನೂ ಇಲ್ಲ. ಉಸಿರು ಬಿಟ್ಟ. ಬಾವಿ ಹತ್ರ ಬಂದ...

ಟಪ್... ಚರ್ರ್...

ಈ ಸಲ ಹಿಂದೆ ಅಲ್ಲ. ಬಾವಿ ಕಟ್ಟೆ ಪಕ್ಕದಲ್ಲೇ. ಜೊತೆಗೆ ಉಸಿರಲ್ಲಿ ಏನೋ ಮಾತು. ಕಿವಿಗೊಟ್ಟು ಕೇಳಿದ.

"...ಬಾವಿ... ಡೈರಿ... ಈರಣ್ಣನ ಮನೆ..."

ಮಾರನೇ ದಿನ ಬೆಳಿಗ್ಗೆ ಬಸ್ಸಿಂದ ಬಗ್ಗಿ ನೋಡ್ದ. ಹೊಸ ಚಪ್ಪಲಿ ಇಟ್ಟಲ್ಲೇ ಇತ್ತು. ಅದರ ಮೇಲೆ ಇಬ್ಬನಿ ಕೂತಿತ್ತು. ಅವಳಿಗೆ ಬೇಕಾಗಿದ್ದು ಅವಳದ್ದು. ಬೇರೆ ಯಾರದ್ದೋ ಅಲ್ಲ.

ಭಾನುವಾರ ಕಾರ್ಯಕ್ರಮ ಆಯ್ತು. ಗೆಸ್ಟ್ ಬಂದ್ರು, ಹಾರ, ಫೋಟೋ, ಎಲ್ಲಾ. ಒಬ್ಬೊಬ್ಬರೇ ಒಂದು ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಸ್ಟೇಜ್ ಹತ್ತಿ, ಎರಡು ಕಾಲಲ್ಲಿ ಹಾಕ್ಕೊಂಡು ಇಳಿದ್ರು. ಜನ ಚಪ್ಪಾಳೆ ಹೊಡೆದ್ರು.

"ಆ ತಿಮ್ಮಕ್ಕ ಬರ್ಲಿಲ್ವಲ್ಲೋ?" ಅಂದ್ರಂತೆ ರುದ್ರಮೂರ್ತಿ.

ಅಣ್ಣ ಬಾಯಿ ತೆಗೆಯೋಕೆ ಮುಂಚೆ ಅವರೇ ಅಂದ್ರು. "ಒಂದು ಕಾಲಿಂದು ಸಿಕ್ತಲ್ಲ, ಸಾಕು ಅಂತ ಎಲ್ಲೋ ಹೋಗಿರ್ತಾಳೆ ಬುಡು."

ಆ ರಾತ್ರಿ ಸದ್ದು ಡೈರಿ ಹತ್ರ ಬಂದಿತ್ತು.

ಅಣ್ಣ ಕೆಲಸ ಬಿಟ್ಟ. ಕತ್ಲಾದ್ಮೇಲೆ ಹೊರಗೇ ಬರ್ತಿರಲಿಲ್ಲ. ಆದ್ರೆ ಸದ್ದಿಗೆ ಅವನು ರೋಡಲ್ಲಿ ಇರ್ಲೇಬೇಕು ಅಂತೇನಿಲ್ವಲ್ಲ. ದಾರಿ ಅವಳಿಗೆ ಅವನೇ ಹೇಳ್ಕೊಟ್ಟಿದ್ದ.

ಮನೇಲಿ ಇನ್ನೊಂದು ಶುರುವಾಯ್ತು. ಮಗು ಕಾಲು.

ನಯನಕ್ಕ ಎಣ್ಣೆ ಹಚ್ಚೋವಾಗ ಮೊದ್ಲು ನೋಡಿದ್ಳು. ಎಡಗಾಲು ತಣ್ಣಗೆ. ಬಲಗಾಲು ಬೆಚ್ಚಗೆ. ಕಾಯ್ಸಿದ್ರು, ಉಣ್ಣೆ ಸಾಕ್ಸ್ ಹಾಕಿದ್ರು. ಹಗಲೊತ್ತು ಸರಿಯಾಗೋದು. ಕತ್ಲಾಯ್ತು ಅಂದ್ರೆ ಬಾವಿ ಕಲ್ಲಿನಂಗೆ ತಣ್ಣಗೆ. ಕಡೂರಿಗೆ ತೋರ್ಸಿದ್ರು. ಹಗಲು ಹೋದ್ರಲ್ಲ, ಡಾಕ್ಟ್ರು ಎರಡೂ ಕಾಲು ಹಿಸುಕಿ ನೋಡಿ, ಏನೂ ಇಲ್ಲ, ಚೆನ್ನಾಗಿ ಹೊದ್ಸಿ ಅಂದ್ರು.

"ಡಾಕ್ಟ್ರಿಗೇನ್ ಗೊತ್ತು? ಇದು ಗಾಳಿ," ಅಂತು ಅಜ್ಜಿ. ಕರಿಯಮ್ಮಜ್ಜಿ, ನಮ್ಮಪ್ಪನ ತಾಯಿ. ಅಲ್ಲೇ ಇರೋದು. ಬಾಣಂತಿ ಮನೆಗೆ ಗಾಳಿ ಸೋಕಬಾರ್ದು ಅಂತ ಬಾಗಿಲ ಮೇಲೆ ಹಳೇ ಪೊರಕೆ, ಬೇವಿನಸೊಪ್ಪು, ಒಂಟಿ ಚಪ್ಪಲಿ ಕಟ್ಟಿ ನೇತಾಕ್ತಾರಲ್ಲ... ಅದನ್ನ ಮಗು ಬಂದಾಗ್ಲೇ ಅಜ್ಜಿ ಮಾಡಿತ್ತು. ಈಗ ಅದಕ್ಕೆ ಇನ್ನೊಂದು ಕಂತೆ ಬೇವಿನಸೊಪ್ಪು ಸುತ್ತಿ, ಕಬ್ಬಿಣದ ಮೊಳೆ ಹೊಡೀತು. "ಕಬ್ಬಿಣ ಮುಟ್ಟಕ್ಕಾಗಲ್ಲ ಅವಕ್ಕೆ," ಅಂತು.

ಅದರ ಮುಂದಿನ ವಾರ, ಮಂಗಳವಾರ ರಾತ್ರಿ.

ದೊಡ್ಡಪ್ಪ ತೋಟಕ್ಕೆ ಹೋಗಿದ್ರು. ನಡುಮನೇಲಿ ಝೀರೋ ಬಲ್ಬು. ನಯನಕ್ಕ ಮಂಚದ ಮೇಲೆ. ಅಜ್ಜಿ ತೊಟ್ಟಿಲ ಪಕ್ಕ, ಹಗ್ಗ ಕೈಲಿ ಹಿಡ್ಕೊಂಡು ಕೂತಿತ್ತು. ಅಣ್ಣ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

ಮೊದ್ಲು ಬೀದಿ ನಾಯಿಗಳು. ಬೊಗಳಲಿಲ್ಲ. ಕುಂಯ್... ಅಂತ ಒಂದೇ ಸಲ ಅಂದು ಸುಮ್ಮನಾದ್ವು.

ಟಪ್... ಚರ್ರ್... ಟಪ್... ಚರ್ರ್...

ಬೀದಿ ಕೊನೆಯಿಂದ. ನಿಧಾನ. ಒಂದೊಂದು ಮನೆ ಮುಂದೆನೂ ನಿಲ್ಲೋದು. ಮತ್ತೆ ಬರೋದು.

ಜಗುಲಿ ಹತ್ತಿತು. ಕಲ್ಲಿನ ಮೇಲೆ ಸದ್ದು ಬೇರೆ ಥರ... ಟಕ್... ಚರ್ರ್.

ಬಾಗಿಲ ಹೊರಗೆ ನಿಂತ್ಕೊಂತು. ಅಣ್ಣನ ಬೆನ್ನಿಗೂ ಅದಕ್ಕೂ ಮಧ್ಯೆ ಒಂದು ಹಲಗೆ ಅಷ್ಟೇ. ಹಲಗೆ ತಣ್ಣಗಾಗ್ತಾ ಬಂತಂತೆ.

"ಈರಣ್ಣನ ಮನೆ... ಇದೇನಾ?"

ಅಜ್ಜಿ ಕೈಸನ್ನೆ ಮಾಡ್ತು, ಉಸಿರೆತ್ತಬೇಡ ಅಂತ.

"ಮಗಾ... ತಂದ್ಯಾ?"

ಅಜ್ಜಿ ಪಿಸುಗುಟ್ತು. "ಸುಮ್ಕಿರು. ಬಾಗ್ಲ ಮೇಲೆ ಕಟ್ಟಿವ್ನಿ. ದಾಟಕ್ಕಿಲ್ಲ."

"ಅವಳು ಒಳಗೆ ಬರೋಕೆ ಬಂದಿಲ್ಲ ಅಜ್ಜಿ," ಅಂದ ಅಣ್ಣ. "ಅವಳ ಚಪ್ಪಲಿಗೆ ಬಂದಿರೋದು. ನನ್ ಹತ್ರ ಇಲ್ಲ. ಮೂಟೇಲಿತ್ತು. ಕಳ್ದೋಯ್ತು."

ಅಜ್ಜಿ ತೊಟ್ಟಿಲು ತೂಗೋದು ನಿಲ್ಲಿಸ್ತು.

"ಯಾವ ಮೂಟೆ?"

"ಅಟ್ಟದ ಮೇಲೆ ಇಟ್ಟಿದ್ನಲ್ಲ."

"ಆ ಒಂಟಿ ಮೆಟ್ಟುಗಳ ಮೂಟೆನಾ..."

ಅಜ್ಜಿ ಬಾಗಿಲ ಮೇಲಕ್ಕೆ ನೋಡ್ತು. ಅಲ್ಲಿಂದ ಕಾಣಲ್ಲ, ಕಟ್ಟಿರೋದು ಹೊರಗಡೆ. ಆದ್ರೂ ನೋಡ್ತು.

"ಮನೇಲಿರೋವು ಎಲ್ಲಾ ಮೆಟ್ಕೊಳೋವು ಕಣೋ. ಜೋಡಿ ಯಾಕೆ ಕೆಡಿಸ್ಬೇಕು ಅಂತ... ಅದರಲ್ಲಿ ಒಂಟಿವೇ ಇದ್ವಲ್ಲ. ಚಿಕ್ಕದೊಂದ ತಗೊಂಡೆ. ಹಸಿರುದು."

ಅಣ್ಣ ಎಷ್ಟು ದಿನದಿಂದ ಅದರ ಕೆಳಗೇ ಓಡಾಡ್ತಿದ್ದ. ಬೇವಿನಸೊಪ್ಪಿನ ಒಳಗೆ ಏನಿದೆ ಅಂತ ಯಾರು ನೋಡ್ತಾರೆ?

ಎದ್ದು ಅಗುಳಿಗೆ ಕೈ ಹಾಕ್ದ. ಅಜ್ಜಿ ಕೂತಲ್ಲಿಂದಲೇ, "ಲೇ! ತೆಗೀಬ್ಯಾಡ! ಅದಿರದಕ್ಕೇ ಇಷ್ಟು ದಿನ ಹೊರಗವ್ಳೆ. ಬಿಚ್ಚುದ್ರೆ ಮಗೀನೇ ತಗೊಂಡೋಯ್ತಾಳೆ!"

"ಅದಿರದಕ್ಕೇ ಅಜ್ಜಿ ಅವಳು ಬಂದಿರೋದು!"

"ನಿಂಗೇನ್ಲಾ ಗೊತ್ತು? ಎಷ್ಟು ಬಾಣಂತನ ಮಾಡಿವ್ನಿ ನಾನು?"

ಇಬ್ರೂ ಪಿಸುಪಿಸು ಅಂತಾನೇ ಜಗಳ. ಹೊರಗಡೆ ಅವಳು ಸುಮ್ನೆ ನಿಂತಿದಾಳೆ. ಆಗಾಗ ಕವರ್ ಮಾತ್ರ... ಚರ್ರ್... ಭಾರ ಬಲಗಾಲಿಗೆ ಹಾಕಿ, ನೋವಿರೋ ಕಾಲು ಎತ್ತಿ ಇಡ್ತಾರಲ್ಲ, ಹಂಗೆ.

ನಯನಕ್ಕ ತೊಟ್ಟಿಲಿಗೆ ಕೈ ಹಾಕಿದ್ಳು. ಮಗು ಅಳ್ತಾ ಇರಲಿಲ್ಲ. ಕಣ್ಣು ಬಿಟ್ಕೊಂಡು ಸುಮ್ನೆ ಮಲಗಿತ್ತು. ಸಾಕ್ಸ್ ಬಿಚ್ಚಿದ್ಳು. ಪಾದ ನೀಲಿ. ಹಿಡ್ಕೊಂಡು ಮೇಲಕ್ಕೆ ಸವರಿದ್ಳು.

"ಅಣ್ಣಾ... ಮಂಡಿ ತನಕ ಬಂತು."

ಇನ್ನೊಂದ್ಸಲ ಸವರಿದ್ಳು.

"ಮಂಡಿ ದಾಟ್ತು. ಕೊಟ್ಬಿಡಣ್ಣಾ. ಅಜ್ಜೀ, ನಿನ್ ಕಾಲಿಗೆ ಬೀಳ್ತೀನಿ, ಸುಮ್ಕಿರು. ಅವಳದ್ದು ಅವಳಿಗೆ ಕೊಟ್ಬಿಡಣ್ಣಾ."

ಅಣ್ಣ ಅಗುಳಿ ತೆಗೆದ. ಕಟಕ್.

ಬಾಗಿಲು ತೆಗೆದ್ರೆ ಕತ್ಲು. ಝೀರೋ ಬಲ್ಬಿನ ಬೆಳಕು ಹೊಸ್ತಿಲು ದಾಟಿ ಸ್ವಲ್ಪ ಮಾತ್ರ ಬಿದ್ದಿತ್ತು. ಅದರಲ್ಲಿ ಎರಡು ಪಾದ. ಒಂದರಲ್ಲಿ ಹಸಿರು ಚಪ್ಪಲಿ, ಅದರ ತುಂಬಾ ಮಣ್ಣು. ಒಂದಕ್ಕೆ ಹಾಲಿನ ಕವರ್. ಮೇಲೆ ಏನೂ ಕಾಣಲ್ಲ. ಅಣ್ಣ ನೋಡೋಕೂ ಹೋಗ್ಲಿಲ್ಲ.

ಹೊಸ್ತಿಲ ಮೇಲೆ ನಿಂತು ಕೈ ಮೇಲಕ್ಕೆ ಮಾಡಿ ಕಂತೆ ಹಿಡಿದು ಎಳೆದ. ಮೊಳೆ ಕಿರ್ರ್... ಅಂತ ಬಂತು. ಬೇವಿನಸೊಪ್ಪೆಲ್ಲ ತಲೆ ಮೇಲೆ ಉದುರಿತು. ಚಪ್ಪಲಿ ಬಿಡಿಸಿ ಆ ಪಾದಗಳ ಮುಂದೆ ಇಟ್ಟ. ಇಟ್ಟು ಹಿಂದಕ್ಕೆ ಸರಿದ.

ಪಾದ ಅಲ್ಲಾಡ್ಲಿಲ್ಲ.

"ಹಾಕ್ಕೊಡು ಮಗಾ... ಬಗ್ಗಕ್ಕಾಗಲ್ಲ."

ನಾನಾಗಿದ್ರೆ... ನಂಗೊತ್ತಿಲ್ಲ. ಅಣ್ಣ ಮಂಡಿ ಊರಿ ಕೂತ. ದಾರದ ಗಂಟು ಬಿಚ್ಚಿದ. ಕವರ್ ಒಂದೊಂದೇ ಸುತ್ತು ಬಿಚ್ಚಿದ. ಚರ... ಚರ... ಚರ... ಒಳಗೆ ಪಾದ ಹೆಂಗಿತ್ತು ಅಂತ ಅವನು ಹೇಳಲ್ಲ. ಒಂದ್ಸಲ ಕೇಳಿದ್ದಕ್ಕೆ ಊಟ ಬಿಟ್ಟು ಎದ್ದೋದ. ಬೆರಳು ಬಿಡಿಸಿ ಪಟ್ಟಿ ಸೇರ್ಸೋಕೆ ತುಂಬಾ ಹೊತ್ತಾಯ್ತು ಅಂತಷ್ಟೇ ಹೇಳಿದ್ದು. ಬೆರಳು ಬಗ್ತಿರಲಿಲ್ಲವಂತೆ.

ಹಾಕಿದ್ಮೇಲೆ ಮೇಲಿಂದ ಕೇಳ್ತು.

"ಇವತ್ತು ಭಾನುವಾರನಾ ಮಗಾ?"

"ಹೂಂ ಅಜ್ಜಿ," ಅಂದ ಅಣ್ಣ.

ಅವಳು ತಿರುಗಿದ್ಳು. ಟಪ್. ಟಪ್. ಟಪ್. ಟಪ್. ಎರಡು ಕಾಲಿಂದೂ ಒಂದೇ ಸದ್ದು. ಜಗುಲಿ ಇಳಿದು, ಬೀದಿ ದಾಟಿ, ಡೈರಿ ಕಡೆಗೆ... ಕೇಳಿಸದೇ ಇರೋ ತನಕ ಅಣ್ಣ ಮಂಡಿ ಊರ್ಕೊಂಡೇ ಇದ್ದ.

ಒಳಗೆ ಮಗು ಕಿಟಾರಂತ ಕಿರುಚ್ತು. ನಯನಕ್ಕ ಎತ್ಕೊಂಡು ಎರಡೂ ಕಾಲು ಕೆನ್ನೆಗೆ ಒತ್ಕೊಂಡ್ಳು. ಬೆಳಗಾಗೋ ಹೊತ್ತಿಗೆ ಎರಡೂ ಒಂದೇ ಥರ ಬೆಚ್ಚಗಾಗಿದ್ವು. ಈಗ ಅದು ಮನೆ ತುಂಬಾ ಅಂಬೆಗಾಲಿಡ್ತದೆ, ಆರಾಮಾಗಿದೆ.

ಅಲ್ಲಿಗೆ ಮುಗೀತು ಅನ್ಕೊಂಡ್ರಾ? ಇಲ್ಲಿ ತನಕ ಆಗಿದ್ದು ಅಣ್ಣನೂ ನಯನಕ್ಕನೂ ಹೇಳಿದ್ದು. ನೀವು ನಂಬದೇ ಇರಬಹುದು. ಇನ್ನು ಹೇಳೋದು ನಾನೇ ನೋಡಿದ್ದು.

ಅವತ್ತು ಬೆಳಿಗ್ಗೆ ಅಮ್ಮ ದೊಡ್ಡಪ್ಪನ ಮನೆಗೆ ಹಾಲು ಕೊಟ್ಬಿಟ್ಟು ಬಾ ಅಂತ ಕಳ್ಸಿದ್ರು. ಹೋದೆ. ಅಣ್ಣ ಮೂಲೇಲಿ ಕೂತಿದ್ದ. ಅಜ್ಜಿ ತೊಟ್ಟಿಲ ಪಕ್ಕ ಗೋಡೆಗೆ ಒರಗಿಕೊಂಡು ಕೂತಿತ್ತು, ಹಗ್ಗ ಇನ್ನೂ ಕೈಲೇ ಇತ್ತು. ರಾತ್ರಿ ಇಡೀ ಅಲ್ಲಿಂದ ಎದ್ದೇ ಇಲ್ಲ ಅಂತ ನಯನಕ್ಕ ಹೇಳಿದ್ಳು. ಅವಳೂ ನಿದ್ದೆ ಮಾಡಿರಲಿಲ್ಲ, ಕಣ್ಣೆದುರೇ ಕೂತಿತ್ತು ಅಂದ್ಳು.

ನನ್ನ ನೋಡಿ ಅಜ್ಜಿ ಮೆಲ್ಲಗೆ ಅಂತು. "ಒಂಚೂರು ಬಿಸಿನೀರು ತಾ ಮಗಾ. ಕಾಲು ಉರೀತಾವೆ."

ಬಕೆಟಲ್ಲಿ ತಂದೆ. ಸೀರೆ ನೆರಿಗೆ ಸರಿಸಿದೆ.

ಎರಡೂ ಅಂಗಾಲು ಕಿತ್ತೋಗಿದ್ವು. ತಿಮ್ಮಕ್ಕನ್ನ ಹೂತಿದ್ದ ಗೋಮಾಳದ ಕೆಂಪು ಮಣ್ಣು ಕಣಕಾಲ ತನಕ ಮೆತ್ಕೊಂಡಿತ್ತು. ಟಾರಿನ ಚೂರು ಹಿಮ್ಮಡಿ ಒಳಗೆ ಹೋಗಿದ್ವು. ತುಂಬಾ ದೂರ ಬರಿಗಾಲಲ್ಲಿ ನಡ್ದೋರ ಕಾಲು ಅದು. ಆ ಮನೆ ನೆಲ ರೆಡ್ ಆಕ್ಸೈಡು, ನಮ್ಮ ಬೀದಿ ಪೂರ್ತಿ ಸಿಮೆಂಟ್ ರೋಡು.

"ಅಜ್ಜೀ, ಎಲ್ಲಿಗೋಗಿದ್ದೆ?" ಅಂದೆ.

ಅಜ್ಜಿ ಮುಖ ಆ ಕಡೆ ತಿರುಗಿಸ್ಕೊಂತು. ಇವತ್ತಿಗೂ ಹೇಳಿಲ್ಲ.

ನಾನು ಸುಳ್ಳು ಹೇಳಲ್ಲ, ನಿಮಗೆ ಗೊತ್ತು. ಬೇಕಾದ್ರೆ ನಯನಕ್ಕನ ಕೇಳಿ. ಪಿನ್ನಲ್ಲಿ ಒಂದೊಂದೇ ಮುಳ್ಳು ತೆಗೆದಿದ್ದು ನಾನು, ಈ ಕೈಲೇ. ಜಾಲಿ ಮುಳ್ಳು. ಆಗಷ್ಟೇ ಗಿಡದಿಂದ ಮುರಿದಂಗೆ, ಇನ್ನೂ ಹಸಿಯಾಗಿದ್ವು.